ಶೆಟ್ಟಿ ಎಂಬ ಅಡ್ಡಹೆಸರು

ಶೆಟ್ಟಿ ಎಂಬುದು ಹುಟ್ಟಿನಿಂದ ಅಡ್ಡಹೆಸರಲ್ಲ, ಅದೊಂದು ಪದವಿ. ವ್ಯಾಪಾರಿಗಳ ಕೂಟದಲ್ಲಿ ಹಿರಿಯನಾದವನಿಗೆ, ಊರಿನ ನಾಲ್ಕು ಜನರೆದುರು ಮಾತಿಗೆ ತೂಕವಿದ್ದವನಿಗೆ ಸಲ್ಲುತ್ತಿದ್ದ ಮರ್ಯಾದೆಯ ಹೆಸರು ಅದು. ಮುಂಬಯಿಯಲ್ಲಿ ಇಂದು ಶೆಟ್ಟಿ ಎಂದರೆ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಬಂಟ ಸಮಾಜದವರೆಂದೂ ಹೋಟೆಲು ನಡೆಸುವವರೆಂದೂ ಜನ ತಿಳಿಯುತ್ತಾರೆ. ಇದು ಆ ಹೆಸರಿನ ಕಥೆಯ ಇತ್ತೀಚಿನ ಒಂದು ಅಧ್ಯಾಯ ಮಾತ್ರ. ಅದರ ಹಿಂದೆ ಎರಡು ಸಾವಿರ ವರ್ಷಗಳ ನಡೆ ಇದೆ.

ಆ ನಡೆಯ ಬೇರೆ ಬೇರೆ ದಾರಿಗಳು ಬಂದು ಸೇರಿದ ಜಾಗಗಳಲ್ಲಿ ಮುಲುಂಡ್ ಒಂದು. ಬೃಹನ್ಮುಂಬಯಿಯ ಈಶಾನ್ಯದ ಅಂಚಿನಲ್ಲಿ, ಠಾಣೆಗೆ ತಾಗಿಕೊಂಡಿರುವ ಈ ಉಪನಗರದಲ್ಲಿ ಕಛ್ ಮತ್ತು ಗುಜರಾತಿನವರು, ಮರಾಠಿಗರು, ದೇಶವಿಭಜನೆಯ ಕಾಲದಲ್ಲಿ ಬಂದ ಸಿಂಧಿ, ಪಂಜಾಬಿ ಕುಟುಂಬಗಳು, ತಮಿಳರು, ಮಲಯಾಳಿಗಳು, ತುಳು-ಕನ್ನಡಿಗರು ಒಂದೇ ಓಣಿಯಲ್ಲಿ ಬದುಕುತ್ತಾರೆ. ಇಲ್ಲಿನ ಹೌಸಿಂಗ್ ಸೊಸೈಟಿಗಳ ಬಾಗಿಲಲ್ಲಿ ತೂಗುಹಾಕಿದ ಹೆಸರಿನ ಪಟ್ಟಿಗಳಲ್ಲಿ ಠಕ್ಕರ್, ಶಾ, ಪಾಟೀಲ, ಅಯ್ಯರ್, ನಾಯರ್‌ಗಳ ನಡುವೆ ಶೇಠ್, ಶೆಟ್ಟಿ, ಶೇಟ್ಯೆ, ಚೆಟ್ಟಿಯಾರ್, ಸೇಠಿ ಎಂಬ ಹೆಸರುಗಳು ಸಿಗುತ್ತವೆ. ಮನೆಮಾತು ಬೇರೆ, ಊಟ ಬೇರೆ, ಮದುವೆಯ ಕ್ರಮ ಬೇರೆ. ಹೀಗಾಗಿ ಇವೆಲ್ಲ ಒಂದೇ ಶಬ್ದ ಎಂಬುದು ನೆರೆಹೊರೆಯವರಿಗೆ ಹೊಳೆಯುವುದಿಲ್ಲ. ಈ ಐದೂ ಹೆಸರುಗಳ ತಾಯಿ ಸಂಸ್ಕೃತದ ‘ಶ್ರೇಷ್ಠಿ’.

ಶ್ರೇಷ್ಠ ಎಂದರೆ ಎಲ್ಲರಿಗಿಂತ ಮೇಲಿನವನು. ಅಂಥ ಸ್ಥಾನವನ್ನು ಹೊಂದಿದವನು ಶ್ರೇಷ್ಠಿ. ಪಾಲಿ, ಪ್ರಾಕೃತಗಳ ಬಾಯಲ್ಲಿ ಇದು ‘ಸೆಟ್ಠಿ’ ಆಯಿತು. ಬುದ್ಧನಿಗೆ ಜೇತವನವನ್ನು ಕೊಟ್ಟ ಶ್ರಾವಸ್ತಿಯ ಅನಾಥಪಿಂಡಿಕನನ್ನು ಪಾಲಿ ಗ್ರಂಥಗಳು ಸೆಟ್ಠಿ ಎಂದೇ ಕರೆಯುತ್ತವೆ. ಕನ್ನಡ, ತುಳು, ತಮಿಳುಗಳ ನಾಲಿಗೆಗೆ ಮಹಾಪ್ರಾಣ ಒಗ್ಗದು. ಅದನ್ನು ಇಳಿಸಿ ಕನ್ನಡ ‘ಸೆಟ್ಟಿ’ ಎಂದಿತು, ತಮಿಳು ಮೊದಲಕ್ಷರವನ್ನೂ ಬದಲಿಸಿ ‘ಚೆಟ್ಟಿ’ ಎಂದಿತು. ಉತ್ತರದ ಭಾಷೆಗಳು ಒತ್ತಕ್ಷರವನ್ನು ಬಿಟ್ಟು ಸ್ವರವನ್ನು ಎಳೆದು ‘ಸೇಠ್’ ಎಂದವು. ಗುಜರಾತಿಯಲ್ಲಿ ಅದು ಶೇಠ್, ಮರಾಠಿಯಲ್ಲಿ ಶೇಟ್. ಪಂಜಾಬಿನ ಖತ್ರಿಗಳಲ್ಲಿ ಕೊನೆಯ ಇಕಾರ ಉಳಿದು ಸೇಠಿ. ಕನ್ನಡ ಶಾಲೆಯ ವ್ಯಾಕರಣ ಪುಸ್ತಕದಲ್ಲಿ ತತ್ಸಮ-ತದ್ಭವದ ಪಟ್ಟಿಯಲ್ಲಿ ಶ್ರೇಷ್ಠಿ-ಸೆಟ್ಟಿ ಎಂಬ ಜೋಡಿಯನ್ನು ಮಕ್ಕಳು ಇಂದಿಗೂ ಬಾಯಿಪಾಠ ಮಾಡುತ್ತಾರೆ. ಬರಹದಲ್ಲಿ ಬಹುಕಾಲ ಸಕಾರವೇ ಇತ್ತು, ಹಳೆಯ ಶಾಸನಗಳಲ್ಲಿ ಕಾಣುವುದು ಸೆಟ್ಟಿ. ಶಕಾರದ ರೂಪ ಆಮೇಲೆ ಬಳಕೆಗೆ ಬಂದು ಈಗ ಅದೇ ಗಟ್ಟಿಯಾಗಿದೆ.

ಶ್ರೇಷ್ಠಿ ಎಂದರೆ ಬರಿಯ ದುಡ್ಡುಳ್ಳವನು ಎಂದು ತಿಳಿಯಬಾರದು. ಶೂದ್ರಕನ ‘ಮೃಚ್ಛಕಟಿಕ’ ನಾಟಕದ ನ್ಯಾಯಸಭೆಯಲ್ಲಿ ಚಾರುದತ್ತನ ವಿಚಾರಣೆ ನಡೆಯುವಾಗ ನ್ಯಾಯಾಧಿಕಾರಿಯ ಪಕ್ಕದಲ್ಲಿ ಶ್ರೇಷ್ಠಿಯೂ ಬರಹಗಾರನಾದ ಕಾಯಸ್ಥನೂ ಕೂರುತ್ತಾರೆ. ಬಂಗಾಳದ ದಾಮೋದರಪುರದಲ್ಲಿ ಸಿಕ್ಕಿದ ಗುಪ್ತರ ಕಾಲದ ತಾಮ್ರಪಟಗಳಲ್ಲಿ ಜಿಲ್ಲೆಯ ಆಡಳಿತ ಮಂಡಳಿಯ ಸದಸ್ಯರಾಗಿ ನಗರಶ್ರೇಷ್ಠಿ, ಸಾರ್ಥವಾಹ (ವರ್ತಕ ತಂಡದ ನಾಯಕ), ಪ್ರಥಮ ಕುಲಿಕ (ಕುಶಲಕರ್ಮಿಗಳ ಮುಖ್ಯಸ್ಥ), ಪ್ರಥಮ ಕಾಯಸ್ಥ ಎಂಬ ನಾಲ್ವರ ಹೆಸರು ಬರುತ್ತದೆ. ಭೂಮಿಯ ಮಾರಾಟಕ್ಕೆ ಇವರ ಒಪ್ಪಿಗೆ ಬೇಕಿತ್ತು. ಅಂದರೆ ಶ್ರೇಷ್ಠಿ ಸಾರ್ವಜನಿಕ ಹೊಣೆ ಹೊತ್ತ ವ್ಯಕ್ತಿ. ಈ ಅರ್ಥವನ್ನು ನೆನಪಿನಲ್ಲಿ ಇಟ್ಟುಕೊಂಡರೆ ಮಾತ್ರ ತುಳುನಾಡಿನಲ್ಲಿ ಈ ಶಬ್ದ ಹಿಡಿದ ದಾರಿ ಅರ್ಥವಾಗುತ್ತದೆ.

ಮುಂಬಯಿಯ ಕನ್ನಡಿಗರಿಗೆ ಹೆಮ್ಮೆ ತರುವ ಒಂದು ಸಾಕ್ಷ್ಯ ಲೋನಾವಳದ ಹತ್ತಿರದ ಕಾರ್ಲೆಯಲ್ಲಿದೆ. ಮುಲುಂಡಿನಿಂದ ಏಕವೀರಾ ದೇವಿಯ ದರ್ಶನಕ್ಕೆ ಹೋಗುವ ಸಾವಿರಾರು ಜನ ಅಲ್ಲಿನ ದೊಡ್ಡ ಚೈತ್ಯಗುಹೆಯ ಮುಂದೆಯೇ ಹಾದುಹೋಗುತ್ತಾರೆ. ಆ ಗುಹೆಯ ಮುಂಭಾಗದ ಬ್ರಾಹ್ಮಿ ಶಾಸನವು ವೈಜಯಂತಿಯ ಸೆಟ್ಠಿ ಭೂತಪಾಲ ಎಂಬವನು ಈ ಶಿಲಾಗೃಹವನ್ನು ಪೂರ್ತಿ ಮಾಡಿಸಿದನೆಂದೂ ಇದು ಜಂಬೂದ್ವೀಪದಲ್ಲೇ ಉತ್ತಮವೆಂದೂ ಹೇಳುತ್ತದೆ. ವೈಜಯಂತಿ ಎಂದರೆ ಉತ್ತರ ಕನ್ನಡದ ಬನವಾಸಿ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಕದಂಬರು ರಾಜ್ಯ ಕಟ್ಟುವುದಕ್ಕೂ ಎರಡು ಶತಮಾನದಷ್ಟು ಹಿಂದೆ ಬನವಾಸಿಯ ಒಬ್ಬ ಸೆಟ್ಟಿ ಸಹ್ಯಾದ್ರಿಯ ಬಂಡೆಯಲ್ಲಿ ತನ್ನ ಹೆಸರನ್ನು ಪದವಿಸಮೇತ ಕೆತ್ತಿಸಿದ. ಕನ್ನಡನಾಡಿನ ಸೆಟ್ಟಿಗೂ ಮುಂಬಯಿ ಕಡೆಯ ಘಟ್ಟಗಳಿಗೂ ಇರುವ ನಂಟು ಹೋಟೆಲುಗಳಿಂದ ಆರಂಭವಾದದ್ದಲ್ಲ. ಮುಲುಂಡಿನ ಪಶ್ಚಿಮದ ಬೆಟ್ಟಸಾಲಿನ ಆಚೆ ಮಗ್ಗುಲಲ್ಲಿರುವ ಕನ್ಹೇರಿ ಗುಹೆಗಳಲ್ಲೂ ಕಲ್ಯಾಣ, ಸೋಪಾರದ ವರ್ತಕರು ಕೊಟ್ಟ ದಾನಗಳ ಶಾಸನಗಳಿವೆ. ಈ ಪ್ರದೇಶದ ಅತಿ ಹಳೆಯ ಬರಹಗಳಲ್ಲಿ ರಾಜರಷ್ಟೇ ವ್ಯಾಪಾರಿಗಳ ಹೆಸರೂ ಇದೆ.

ಕನ್ನಡದ ಶಾಸನಗಳಲ್ಲಿ ಸೆಟ್ಟಿಗಳ ಸಂತೆಯೇ ನೆರೆದಿದೆ. ಐಹೊಳೆಯನ್ನು ಮೂಲಸ್ಥಾನವಾಗಿ ಹೇಳಿಕೊಂಡ ಅಯ್ಯಾವೊಳೆ ಐನೂರ್ವರ ವ್ಯಾಪಾರಿ ಸಂಘ ದಕ್ಷಿಣ ಭಾರತವಿಡೀ ಹರಡಿತ್ತು. ಸುಮಾತ್ರಾ ದ್ವೀಪದಲ್ಲಿ ಸಿಕ್ಕಿದ 1088ರ ತಮಿಳು ಶಾಸನದಲ್ಲೂ ಅದರ ಹೆಸರಿದೆ. ಪಟ್ಟಣದ ವ್ಯಾಪಾರದ ಮೇಲ್ವಿಚಾರಣೆ ಹೊತ್ತವನು ಪಟ್ಟಣಸ್ವಾಮಿ ಅಥವಾ ಪಟ್ಟಣಸೆಟ್ಟಿ. ಶಿವಮೊಗ್ಗ ಜಿಲ್ಲೆಯ ಹೊಂಬುಜದಲ್ಲಿ ಸಾಂತರ ಅರಸರ ಕಾಲದ ಪಟ್ಟಣಸ್ವಾಮಿ ನೊಕ್ಕಯ್ಯಸೆಟ್ಟಿ ಕಟ್ಟಿಸಿದ ಬಸದಿಯ ಶಾಸನ 1062ರದ್ದು. ಅವನ ಹೆಸರಿನ ಜೋಡಣೆ ಗಮನಿಸತಕ್ಕದ್ದು: ಮೊದಲು ಹುದ್ದೆ, ನಡುವೆ ಹೆಸರು, ಕೊನೆಗೆ ಗೌರವ. ಆ ಕಾಲದಲ್ಲಿ ಸೆಟ್ಟಿ ಎಂಬುದು ವ್ಯಕ್ತಿಗೆ ಅಂಟಿಕೊಂಡಿತ್ತು, ವಂಶಕ್ಕಲ್ಲ. ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿ ಸುಕುಮಾರಸ್ವಾಮಿಯ ಕಥೆ ಉಜ್ಜಯಿನಿಯ ಸೆಟ್ಟಿ ಮನೆಯೊಂದರ ಕಥೆ, ಅಲ್ಲಿಯೂ ಸೆಟ್ಟಿ ಎಂದರೆ ಸಿರಿವಂತ ವರ್ತಕ.

ಊರುಗಳ ಹೆಸರಿನಲ್ಲೂ ಈ ಪದವಿ ನಿಂತಿದೆ. ಶೆಟ್ಟಿಹಳ್ಳಿ, ಶೆಟ್ಟಿಕೆರೆಗಳು ಹಳೆ ಮೈಸೂರಿನಲ್ಲಿ ಹಲವು. ಗಾದೆಗಳಲ್ಲಿ ‘ಶೆಟ್ಟಿ ಬಿಟ್ಟಲ್ಲಿ ಪಟ್ಟಣ’ ಎಂಬುದು ಎಲ್ಲರಿಗೂ ಗೊತ್ತು. ವ್ಯಾಪಾರಿ ಬಿಡಾರ ಹೂಡಿದ ಕಡೆ ಸಂತೆ ಬೆಳೆಯುತ್ತದೆ, ಸಂತೆ ಬೆಳೆದ ಕಡೆ ಊರು ಬೆಳೆಯುತ್ತದೆ ಎಂಬ ಅನುಭವದ ಮಾತು ಅದು.

ಈ ಗಾದೆ ಅಕ್ಷರಶಃ ನಿಜವಾದ ಊರು ಮುಲುಂಡ್. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಓಡಿದಾಗ ಹಳಿಗಳು ಈ ನೆಲದ ಮೇಲೆಯೇ ಹಾದಿದ್ದವು. ಆ ರೈಲ್ವೆಯ ಸ್ಥಾಪನೆಗೆ ದುಡಿದ ಮುಂಬಯಿಯ ಗಣ್ಯರಲ್ಲಿ ಜಗನ್ನಾಥ ಶಂಕರಶೇಟ್ ಪ್ರಮುಖರು. 1803ರಿಂದ 1865ರವರೆಗೆ ಬದುಕಿದ ಅವರ ಮನೆತನದ ನಿಜವಾದ ಅಡ್ಡಹೆಸರು ಮುರಕುಟೆ. ತಂದೆ ಶಂಕರರಿಗೆ ಪೇಟೆ ಕೊಟ್ಟ ‘ಶೇಟ್’ ಎಂಬ ಮರ್ಯಾದೆ ಅವರ ಹೆಸರಿಗೇ ಬೆಸೆದುಕೊಂಡು, ಮಗನ ಕಾಲಕ್ಕೆ ಅಡ್ಡಹೆಸರಿನ ಜಾಗದಲ್ಲಿ ಕುಳಿತು, ಮುರಕುಟೆ ಮರೆಗೆ ಸರಿಯಿತು. ಪದವಿಯೊಂದು ಅಡ್ಡಹೆಸರಾಗುವ ಕ್ರಿಯೆ ಇಲ್ಲಿ ಒಂದೇ ತಲೆಮಾರಿನಲ್ಲಿ ಕಣ್ಣೆದುರು ನಡೆದಿದೆ. ಮುಂದೆ 1922ರಲ್ಲಿ ಝವೇರಭಾಯಿ ರಾಮಜಿ ಶೇಠ್ ಎಂಬವರು ಕ್ರೌನ್ ಮತ್ತು ಕಾರ್ಟರ್ ಎಂಬ ವಾಸ್ತುಶಿಲ್ಪಿಗಳಿಂದ ಮುಲುಂಡಿನ ನಕ್ಷೆ ಬರೆಸಿದರು. ನಿಲ್ದಾಣದ ಪಶ್ಚಿಮಕ್ಕೆ ಅಡ್ಡ-ಉದ್ದ ನೇರ ರಸ್ತೆಗಳ ಚೌಕುಳಿಯಾಗಿ ಊರು ಬೆಳೆಯಿತು. ಅಲ್ಲಿನ ಝವೇರ್ ರಸ್ತೆ ಅವರ ನೆನಪಿನದು. 1957ರಲ್ಲಿ ಈ ಊರು ಬೃಹನ್ಮುಂಬಯಿಗೆ ಸೇರಿತು. ಈಗ ಮಹಾನಗರಪಾಲಿಕೆಯ ‘ಟಿ’ ವಾರ್ಡು. ಶೇಠ್ ಒಬ್ಬರು ಹಾಕಿದ ಬೀದಿಗಳಲ್ಲಿ ಶೆಟ್ಟರು ಬಂದು ಹೋಟೆಲು ತೆರೆದರು.

ಶೆಟ್ಟರು ಬಂದ ತುಳುನಾಡಿನಲ್ಲಿ ಈ ಶಬ್ದಕ್ಕೆ ಬೇರೆಯೇ ತಿರುವು ಸಿಕ್ಕಿತ್ತು. ಮಧ್ಯಯುಗದ ಬಾರಕೂರು, ಬಸರೂರುಗಳ ಶಾಸನಗಳಲ್ಲಿ ಹಲರು, ನಖರ, ಹಂಜಮಾನ ಎಂಬ ಕೂಟಗಳ ಜೊತೆ ‘ಸೆಟ್ಟಿಕಾರರು’ ಎಂಬ ವರ್ತಕರ ಸಮೂಹವೂ ಕಾಣುತ್ತದೆ. ಆಗಿನ ಕರಾವಳಿಯ ಮುಖ್ಯ ಸರಕು ಅಕ್ಕಿ. ಬಸರೂರಿನ ಅಕ್ಕಿಗಾಗಿ ಪೋರ್ಚುಗೀಸರು ಹಾತೊರೆದರು, 1569ರಲ್ಲಿ ಆ ಬಂದರನ್ನು ಹಿಡಿದು ಕೋಟೆ ಕಟ್ಟಿದರು. ಗದ್ದೆಯ ಒಡೆತನ ಮತ್ತು ಬಂದರಿನ ವ್ಯಾಪಾರ ಒಂದಕ್ಕೊಂದು ದೂರವಿರದ ನಾಡು ಅದು. ಕೊನೆಗೆ ವ್ಯಾಪಾರದ ಅರ್ಥ ಕಳಚಿಬಿದ್ದು, ಭೂಮಿಯುಳ್ಳ ಮನೆಯ ಯಜಮಾನ, ಗ್ರಾಮದ ಹಿರಿಯ ಎಂಬ ಅರ್ಥ ಶೆಟ್ಟಿಗೆ ಉಳಿಯಿತು. ಬೇಸಾಯವೂ ಹಿಂದೆ ಆಯುಧವೂ ಕಸುಬಾಗಿದ್ದ ಬಂಟರಲ್ಲಿ ಅದು ಗೌರವದ ಹೆಸರಾಗಿ ನೆಲೆಗೊಂಡಿತು.

ಬಂಟರೆಲ್ಲರೂ ಶೆಟ್ಟರಲ್ಲ. ರೈ, ಆಳ್ವ, ಹೆಗ್ಡೆ, ಭಂಡಾರಿ, ಬಲ್ಲಾಳ, ಚೌಟ, ಪೂಂಜ, ಅಡ್ಯಂತಾಯ, ಮಾರ್ಲ ಎಂದು ಹತ್ತಾರು ಬಿರುದುಗಳಿವೆ. ಉಡುಪಿ, ಕುಂದಾಪುರ, ಕಾರ್ಕಳದ ಕಡೆ ಶೆಟ್ಟಿ ಹೆಚ್ಚು. ದಕ್ಷಿಣಕ್ಕೆ ಪುತ್ತೂರು, ಕಾಸರಗೋಡಿನತ್ತ ನಡೆದಂತೆ ರೈ, ಆಳ್ವಗಳು ಹೆಚ್ಚುತ್ತವೆ. ಈ ಬಿರುದುಗಳಲ್ಲಿ ಹಲವು ಜಾತಿಯ ಗಡಿಯನ್ನೂ ದಾಟುತ್ತವೆ. ಲೋಕಸಭೆಯ ಸ್ಪೀಕರ್ ಆಗಿದ್ದ ಕೆ. ಎಸ್. ಹೆಗ್ಡೆ ತುಳುನಾಡಿನ ಬಂಟರು, ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆ ಉತ್ತರ ಕನ್ನಡದ ಹವ್ಯಕರು, ಧರ್ಮಸ್ಥಳದ ಹೆಗ್ಗಡೆಯವರು ಜೈನರು. ಊರಿನ ಮುಖ್ಯಸ್ಥನೆಂಬ ಒಂದೇ ಅರ್ಥದ ಹೆಸರು ಮೂವರಲ್ಲೂ ಇದೆ. ಹೆಸರು ಹುದ್ದೆಯದಾಗಿತ್ತು ಎನ್ನುವುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ. ಶೆಟ್ಟಿಯೂ ಹಾಗೆಯೇ. ಹಳೆ ಮೈಸೂರಿನಲ್ಲಿ ಬಣಜಿಗರು, ಆರ್ಯವೈಶ್ಯರು, ದೇವಾಂಗರು, ಉಪ್ಪಾರರು ಎಲ್ಲರಲ್ಲೂ ಶೆಟ್ಟರಿದ್ದಾರೆ. ಉತ್ತರ ಕರ್ನಾಟಕದ ಲಿಂಗಾಯತರಲ್ಲಿ ಗೌರವದ ಬಹುವಚನವೇ ಅಡ್ಡಹೆಸರಾಗಿ ‘ಶೆಟ್ಟರ್’ ಎಂದು ನಿಂತಿತು. 2012-13ರಲ್ಲಿ ರಾಜ್ಯದ ಮುಖ್ಯಮಂತ್ರಿಯಾಗಿದ್ದ ಜಗದೀಶ ಶೆಟ್ಟರ್ ಅವರ ಹೆಸರು ಇದಕ್ಕೆ ಉದಾಹರಣೆ. ಹೊಂಬುಜದ ಶಾಸನ ಕಾಲದ ಹುದ್ದೆ ‘ಪಟ್ಟಣಶೆಟ್ಟಿ’ ಎಂಬ ಅಡ್ಡಹೆಸರಾಗಿ ಧಾರವಾಡದ ಕವಿ ಸಿದ್ಧಲಿಂಗ ಪಟ್ಟಣಶೆಟ್ಟಿಯವರಲ್ಲಿ ಜೀವಂತವಾಗಿದೆ. ಕರಾವಳಿಯ ನೇಕಾರ ಪದ್ಮಶಾಲಿಗಳು ಶೆಟ್ಟಿಗಾರರು, ಅಲ್ಲಿನದೇ ದೈವಜ್ಞ ಅಕ್ಕಸಾಲಿಗರು ಶೇಟ್. ಶೆಟ್ಟಿ ಎಂಬ ಹೆಸರಿನಿಂದ ಒಬ್ಬರ ಜಾತಿಯನ್ನು ಊಹಿಸುವ ಮುಂಬಯಿಯ ರೂಢಿ ಕರ್ನಾಟಕದಲ್ಲಿ ನಡೆಯುವುದಿಲ್ಲ. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿಗಳ ಏಳು ಸಂಪುಟಗಳ ಗ್ರಂಥ ಕೂಡ ಚೆಟ್ಟಿ ಎಂಬುದನ್ನು ಅನೇಕ ಜಾತಿಗಳು ಬಳಸುವ ಬಿರುದೆಂದೇ ದಾಖಲಿಸಿದೆ.

ತುಳುನಾಡಿನ ಶೆಟ್ಟಿಯನ್ನು ಉಳಿದೆಲ್ಲ ಶೆಟ್ಟಿ, ಶೇಠ್‌ಗಳಿಂದ ಬೇರ್ಪಡಿಸುವುದು ಅಳಿಯಸಂತಾನ. ಬಂಟರಲ್ಲಿಯೂ ಬಿಲ್ಲವ, ಮೊಗವೀರ ಮೊದಲಾದ ಸಮಾಜಗಳಲ್ಲಿಯೂ ಕುಲ ತಾಯಿಯಿಂದ ಮಕ್ಕಳಿಗೆ ಇಳಿಯುತ್ತದೆ. ಆಸ್ತಿ ಮಾವನಿಂದ, ಅಂದರೆ ತಾಯಿಯ ಅಣ್ಣತಮ್ಮಂದಿರಿಂದ, ಸೋದರಳಿಯನ ಕಡೆಗೆ ಸಾಗುತ್ತಿತ್ತು. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಇದನ್ನು ಕ್ರಮಬದ್ಧಗೊಳಿಸಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಏಳನೆಯ ಕಲಮಿನಲ್ಲಿ ಅಳಿಯಸಂತಾನದ ಕುಟುಂಬ ಮತ್ತು ಅದರ ಕವಲಾದ ಕವರುಗಳ ಪ್ರಸ್ತಾಪ ಪ್ರತ್ಯೇಕವಾಗಿಯೇ ಬರುತ್ತದೆ. ತಾಯಿಯಿಂದ ಬರುವ ಈ ಕುಲಕ್ಕೆ ತುಳುವಿನಲ್ಲಿ ‘ಬರಿ’, ಕನ್ನಡದಲ್ಲಿ ‘ಬಳಿ’ ಎಂದು ಹೆಸರು. ಒಂದೇ ಬರಿಯವರು ಒಡಹುಟ್ಟಿದವರ ಸಮಾನ, ಅವರೊಳಗೆ ಮದುವೆ ಇಲ್ಲ.

ಇದರಿಂದ ಹುಟ್ಟುವ ಫಲ ಹೊರಗಿನವರಿಗೆ ವಿಚಿತ್ರವಾಗಿ ತೋರುತ್ತದೆ. ಮುಲುಂಡಿನ ಮದುವೆಯ ಆಮಂತ್ರಣ ಪತ್ರದಲ್ಲಿ ವರನೂ ಶೆಟ್ಟಿ, ವಧುವೂ ಶೆಟ್ಟಿ ಎಂದು ಕಂಡಾಗ ಮರಾಠಿ ನೆರೆಯವರು ಸಗೋತ್ರವೇ ಎಂದು ಕೇಳುವುದುಂಟು. ಬರಿ ಬೇರೆಯಾದರೆ ಆ ಮದುವೆಗೆ ಯಾವ ಅಡ್ಡಿಯೂ ಇಲ್ಲ. ಅದೇ ಒಬ್ಬ ಶೆಟ್ಟಿ ಹುಡುಗ, ಒಬ್ಬ ರೈ ಹುಡುಗಿ ಒಂದೇ ಬರಿಗೆ ಸೇರಿದವರಾದರೆ ಹಿರಿಯರು ಸಂಬಂಧವನ್ನು ಒಪ್ಪುವುದಿಲ್ಲ. ಗೋತ್ರದ ಕೆಲಸವನ್ನು ಶೆಟ್ಟಿ ಎಂಬ ಹೆಸರು ಎಂದೂ ಮಾಡಿಲ್ಲ. ರಕ್ತಸಂಬಂಧವನ್ನು ಹೇಳುವುದು ಬರಿ, ನೆಲದ ಸಂಬಂಧವನ್ನು ಹೇಳುವುದು ಗುತ್ತು, ಬೀಡು, ಬರ್ಕೆ ಎಂಬ ಹಳೆಯ ಭೂಮಾಲೀಕ ಮನೆಗಳ ಹೆಸರು, ಸ್ಥಾನಮಾನವನ್ನು ಹೇಳುವುದು ಶೆಟ್ಟಿ. ಈ ಮೂರರಲ್ಲಿ ಮುಂಬಯಿಯ ದಾಖಲೆಗಳಿಗೆ ಹತ್ತಿದ್ದು ಮೂರನೆಯದು ಮಾತ್ರ.

ಬಿಲ್ಲವರು, ಮೊಗವೀರರು ನಡೆದದ್ದು ಇನ್ನೊಂದು ದಾರಿ. ಕೋಟ್ಯಾನ್, ಸಾಲಿಯಾನ್, ಬಂಗೇರ, ಕರ್ಕೇರ, ಕುಂದರ್, ಸುವರ್ಣ, ಪುತ್ರನ್ ಮುಂತಾದ ಹೆಸರುಗಳು ಬಿರುದುಗಳಲ್ಲ, ಬರಿಗಳೇ. ಆ ಸಮಾಜಗಳು ಮುಂಬಯಿಯಲ್ಲಿ ತಮ್ಮ ಬರಿಯನ್ನೇ ಅಡ್ಡಹೆಸರಾಗಿ ಬರೆಸಿದವು. ಬರಿ ಉಳಿಯಿತು, ಆದರೆ ತಿರುವುಮುರುವಾಯಿತು: ತಂದೆ ಸಾಲಿಯಾನ್, ತಾಯಿ ಕೋಟ್ಯಾನ್ ಆದರೆ ಮಕ್ಕಳ ಬರಿ ಕೋಟ್ಯಾನ್, ಶಾಲೆಯ ಪುಸ್ತಕದಲ್ಲಿ ಮಾತ್ರ ಅವರು ಸಾಲಿಯಾನ್. ತಾಯಿಯಿಂದ ಬರಬೇಕಾದ ಹೆಸರು ತಂದೆಯಿಂದ ಬರತೊಡಗಿತು. ಬಂಟರಲ್ಲಿ ಬರಿ ಕಾಗದಕ್ಕೆ ಬರಲೇ ಇಲ್ಲ, ಇವರಲ್ಲಿ ಬಂದರೂ ಅರ್ಥ ಬದಲಾಯಿತು.

ಹೆಂಗಸರ ಹೆಸರಿನಲ್ಲಿ ಆದ ನಷ್ಟ ಇನ್ನೂ ದೊಡ್ಡದು. ತುಳುನಾಡಿನಲ್ಲಿ ಗಂಡಸು ಶೆಟ್ಟಿಯಾದರೆ ಹೆಂಗಸು ‘ಶೆಡ್ತಿ’. ಹೆಗ್ಡೆಗೆ ಹೆಗ್ಗಡ್ತಿ, ಬಲ್ಲಾಳರಿಗೆ ಬಲ್ಲಾಳ್ತಿ. ಶೆಡ್ತಿ ಎಂದರೆ ಶೆಟ್ಟಿಯ ಹೆಂಡತಿ ಎಂದಷ್ಟೇ ಅರ್ಥವಲ್ಲ. ಹುಟ್ಟಿದ ಮನೆಯಿಂದಲೇ ಅವಳು ಶೆಡ್ತಿ, ಆ ಮನೆಯ ಕುಲ ಮುಂದುವರಿಯುವುದೇ ಅವಳಿಂದ. ಹಳೆಯ ಜಮೀನಿನ ಕಾಗದಗಳಲ್ಲಿ ಹೆಂಗಸರ ಹೆಸರಿನ ಮುಂದೆ ಶೆಡ್ತಿ ಎಂದು ಸ್ಪಷ್ಟವಾಗಿ ಕಾಣುತ್ತದೆ. ಇಂಗ್ಲಿಷಿನ ಅರ್ಜಿಗಳಲ್ಲಿ ಕುಟುಂಬಕ್ಕೆಲ್ಲ ಒಂದೇ ಅಡ್ಡಹೆಸರು ಬರೆಯುವ ರೂಢಿ ಬಂದಾಗ ತಾಯಿ, ಮಗಳು, ಸೊಸೆ ಎಲ್ಲರೂ ಶೆಟ್ಟಿಗಳಾದರು. ಮುಂಬಯಿಯಲ್ಲಿ ಹುಟ್ಟಿದ ಇಂದಿನ ತಲೆಮಾರಿಗೆ ಶೆಡ್ತಿ ಎಂಬುದು ಅಜ್ಜಿಯ ಹೆಸರಿನಲ್ಲಿ ಕೇಳಿದ ಮಾತು. ತಾಯಿಯ ಕಡೆಯಿಂದ ಕುಲ ನಡೆಸುವ ಸಮಾಜವೊಂದು ಹೆಣ್ಣಿನ ಬಿರುದನ್ನೇ ಕಳೆದುಕೊಂಡದ್ದು ಈ ಅಡ್ಡಹೆಸರಿನ ಚರಿತ್ರೆಯಲ್ಲಿ ಅತ್ಯಂತ ದುಃಖದ ಭಾಗ.

ಹೆಸರಿನ ಜೋಡಣೆಯೂ ಬದಲಾಯಿತು. ಕರಾವಳಿಯ ಕ್ರಮದಲ್ಲಿ ಮೊದಲು ಊರು ಅಥವಾ ಮನೆ, ಆಮೇಲೆ ಹೆಸರು, ಕೊನೆಗೆ ಬಿರುದು. 1931ರ ಅಕ್ಟೋಬರ್ 23ರಂದು ಮಂಗಳೂರಿನಲ್ಲಿ ವಿಜಯಾ ಬ್ಯಾಂಕನ್ನು ಸ್ಥಾಪಿಸಿದ ಎ. ಬಿ. ಶೆಟ್ಟಿ ಎಂದರೆ ಅತ್ತಾವರ ಬಾಲಕೃಷ್ಣ ಶೆಟ್ಟಿ. ಆ ಬ್ಯಾಂಕನ್ನು ದೇಶವ್ಯಾಪಿಯಾಗಿ ಬೆಳೆಸಿದವರು ಮೂಲ್ಕಿ ಸುಂದರರಾಮ ಶೆಟ್ಟಿ. ಕಾಸರಗೋಡಿನ ಕವಿ ಕಯ್ಯಾರ ಕಿಞ್ಞಣ್ಣ ರೈ ಅವರ ಹೆಸರಿನದೂ ಇದೇ ಬಗೆ. ಅತ್ತಾವರ, ಮೂಲ್ಕಿ, ಕಯ್ಯಾರ ಎಂಬ ಮೊದಲ ಪದ ಕೇಳಿದೊಡನೆ ಊರಿನವರಿಗೆ ಮನೆಯ ಗುರುತು ಸಿಗುತ್ತದೆ. ಮಹಾರಾಷ್ಟ್ರದ ಪದ್ಧತಿ ಬೇರೆ: ಹೆಸರು, ತಂದೆಯ ಹೆಸರು, ಅಡ್ಡಹೆಸರು, ಶಾಲೆಯ ಅಂಕಪಟ್ಟಿಯಲ್ಲಿ ಅಡ್ಡಹೆಸರೇ ಮೊದಲು. ಊರಿನ ಹೆಸರಿಗೆ ಅಲ್ಲಿ ಜಾಗವಿಲ್ಲ. ಹೀಗೆ ಹಾಜರಿ ಪುಸ್ತಕದ ಮೊದಲ ಕಾಲಂನಲ್ಲಿ ಶೆಟ್ಟಿ ಎಂಬ ಪದ ಬಂದು ಕೂತಿತು. ಹಗಲು ಹೋಟೆಲಿನಲ್ಲಿ ದುಡಿದು ಸಂಜೆ ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತ ಹುಡುಗರ ಪ್ರಮಾಣಪತ್ರಗಳಲ್ಲಿ, ಆಮೇಲೆ ಪಡಿತರ ಚೀಟಿಯಲ್ಲಿ, ಪಾಲಿಕೆಯ ಹೋಟೆಲು ಲೈಸೆನ್ಸಿನಲ್ಲಿ ಅದು ಅಚ್ಚಾಯಿತು. ಮುಂಬಯಿಯ ಗುಮಾಸ್ತರು ಯಾವ ಕೆಡುಕನ್ನೂ ಬಯಸಿರಲಿಲ್ಲ. ಅರ್ಜಿಯಲ್ಲಿದ್ದ ಖಾನೆಗಳನ್ನು ತುಂಬಿದರು, ಅಷ್ಟೇ.

ಮುಲುಂಡಿನ ಇತರ ಹೆಸರುಗಳಿಗೂ ಇಂಥದೇ ಕಥೆಗಳಿವೆ. ಕಛ್‌ನ ಲೋಹಾಣರ ಠಕ್ಕರ್ ಎಂಬುದು ಠಕ್ಕುರ, ಅಂದರೆ ಒಡೆಯ, ಎಂಬ ಬಿರುದಿನಿಂದ ಬಂದದ್ದು. ಬಂಗಾಳದ ಠಾಕೂರರೂ ಅದೇ ಶಬ್ದದವರು. ಪಾಟೀಲ, ಪಟೇಲರು ಗ್ರಾಮಾಧಿಕಾರಿಗಳು. ಸಿಂಧಿಗಳ ಆಣಿ ಎಂಬ ಕೊನೆ ಪೂರ್ವಜನ ಹೆಸರಿಗೆ ಅಂಟಿಕೊಂಡದ್ದು, ಮರಾಠಿಗರ ಕರ್ ಎಂಬ ಕೊನೆ ಊರಿಗೆ. ತಮಿಳರು ಬಹುಮಟ್ಟಿಗೆ ಅಡ್ಡಹೆಸರಿನ ಗೋಜಿಗೇ ಹೋಗದೆ ತಂದೆಯ ಹೆಸರಿನ ಮೊದಲಕ್ಷರದಲ್ಲಿ ನಿಂತರು.

ಶೆಟ್ಟಿ ಎಂಬ ಹೆಸರು ಮುಂಬಯಿಯಲ್ಲಿ ಇಷ್ಟು ಹರಡಿದ್ದಕ್ಕೆ ಕಾರಣ ವಲಸೆ. ನೇರ ರೈಲು ಇಲ್ಲದ ಕಾಲದಲ್ಲಿ ಕರಾವಳಿಯ ಯುವಕರು ಹಡಗು ಹತ್ತಿ ಮುಂಬಯಿಗೆ ಬಂದರು. ಮೊದಲು ಫೋರ್ಟ್, ಮಾಟುಂಗ, ಆಮೇಲೆ ಉಪನಗರಗಳು. 1927ರಲ್ಲಿ ಮುಂಬಯಿ ಬಂಟರ ಸಂಘ ಹುಟ್ಟಿ, ಮುಂದೆ ಕುರ್ಲಾದಲ್ಲಿ ಭವನವನ್ನೂ ಪೊವಾಯಿಯಲ್ಲಿ ಎಸ್. ಎಂ. ಶೆಟ್ಟಿ ವಿದ್ಯಾಸಂಸ್ಥೆಯನ್ನೂ ಕಟ್ಟಿತು. 1974ರ ಮಾರ್ಚ್ 1ರಿಂದ ಕರ್ನಾಟಕದಲ್ಲಿ ಗೇಣಿ ಪದ್ಧತಿ ರದ್ದಾಗಿ ಭೂಮಿ ಉಳುವವರ ಕೈಸೇರಿದಾಗ ಅನೇಕ ಗುತ್ತಿನ ಮನೆಗಳ ವರಮಾನ ಇಲ್ಲವಾಯಿತು, ಮುಂಬಯಿಯ ಕಡೆಗೆ ಮುಖ ಮಾಡಿದವರ ಸಂಖ್ಯೆ ಏರಿತು. ಭೂಮಿಯಿಂದ ಬಂದ ಮರ್ಯಾದೆಯ ಹೆಸರು ಭೂಮಿ ಹೋದ ಮೇಲೂ ಜೊತೆಗೆ ಬಂತು. ನಗರ ಅದಕ್ಕೆ ಮತ್ತೆ ವ್ಯಾಪಾರದ ಅರ್ಥವನ್ನೇ ತುಂಬಿತು. ಮುಲುಂಡಿನ ಪಾಂಚ್ ರಸ್ತಾ ಸುತ್ತಿನ ಪೇಟೆಯಲ್ಲಿ ತರಕಾರಿ ಹಾಕುವ ಮರಾಠಿ ವ್ಯಾಪಾರಿ ಹೋಟೆಲಿನ ಮಾಲೀಕರನ್ನು ‘ಶೇಟ್’ ಎಂದು ಕೂಗುತ್ತಾನೆ, ಊರಿನಿಂದ ಬಂದವರು ‘ಶೆಟ್ರೆ’ ಎನ್ನುತ್ತಾರೆ. ಇಬ್ಬರೂ ಹೇಳಿದ್ದು ಒಂದೇ ಶಬ್ದ.

ತೆರೆ ಮತ್ತು ಆಟದ ಮೈದಾನ ಈ ಹೆಸರನ್ನು ದೇಶದ ಮನೆಮನೆಗೂ ಮುಟ್ಟಿಸಿವೆ. ಹಿಂದಿ ಚಿತ್ರಗಳ ಎಂ. ಬಿ. ಶೆಟ್ಟಿ, ಅವರ ಮಗ ರೋಹಿತ್ ಶೆಟ್ಟಿ, ಸುನೀಲ್ ಶೆಟ್ಟಿ, ಶಿಲ್ಪಾ ಶೆಟ್ಟಿ. ತೆಲುಗಿನಲ್ಲಿ ಅನುಷ್ಕಾ ಶೆಟ್ಟಿ. ಕನ್ನಡದಲ್ಲಿ ರಕ್ಷಿತ್ ಶೆಟ್ಟಿ, ರಾಜ್ ಬಿ. ಶೆಟ್ಟಿ, 2022ರ ‘ಕಾಂತಾರ’ಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ರಿಷಬ್ ಶೆಟ್ಟಿ, ಬ್ಯಾಡ್ಮಿಂಟನ್‌ನಲ್ಲಿ 2022ರ ಥಾಮಸ್ ಕಪ್ ಗೆದ್ದ ತಂಡದ ಚಿರಾಗ್ ಶೆಟ್ಟಿ. ಹೆಸರು ಒಂದೇ ಎಂದು ಇವರೆಲ್ಲ ಒಂದೇ ಕುಟುಂಬದವರೆಂದು ಉತ್ತರ ಭಾರತದ ಪ್ರೇಕ್ಷಕರು ಭಾವಿಸುವುದುಂಟು. ಬಿರುದನ್ನು ವಂಶನಾಮವೆಂದು ಓದಿದಾಗ ಆಗುವ ತಪ್ಪು ತಿಳಿವಳಿಕೆ ಇದು. ಐಶ್ವರ್ಯಾ ರೈ ಅವರ ‘ರೈ’ ಎಂಬುದು ತುಳುನಾಡಿನ ಬಿರುದೆಂದು ತಿಳಿಯದವರು ಅದನ್ನು ಉತ್ತರದ ರಾಯ್‌ಗಳ ಜೊತೆ ಸೇರಿಸುವುದೂ ಇಂಥದ್ದೇ.

ಕಡಲಾಚೆಗೆ ಹೋದ ರೂಪಗಳೂ ಇವೆ. ಕೋರಮಂಡಲದ ಚೆಟ್ಟಿಗಳನ್ನು ಕಂಡ ಪೋರ್ಚುಗೀಸರು ವ್ಯಾಪಾರಿಗೆ ‘ಚಾತಿಂ’ ಎಂದರು, ಅದರಿಂದ ವ್ಯಾಪಾರ ಮಾಡು ಎಂಬ ಕ್ರಿಯಾಪದವನ್ನೇ ತಮ್ಮ ಭಾಷೆಯಲ್ಲಿ ಮಾಡಿಕೊಂಡರು. ಮಲಕ್ಕಾದಲ್ಲಿ ಮಲಯ ಮಾತನಾಡುತ್ತ ಶಿವನನ್ನು ಪೂಜಿಸುವ ಚಿಟ್ಟಿಗಳು, ಕೊಲಂಬೊದಲ್ಲಿ ಚೆಟ್ಟಿಗಳು ಇಂದಿಗೂ ಬೇರೆ ಸಮುದಾಯಗಳಾಗಿ ಬಾಳುತ್ತಿದ್ದಾರೆ. ಥಾಯ್ ಭಾಷೆಯಲ್ಲಿ ಸಿರಿವಂತನಿಗೆ ‘ಸೆಟ್ಠಿ’ ಎನ್ನುತ್ತಾರೆ. ಅರ್ಥವ್ಯವಸ್ಥೆ ಎಂಬುದಕ್ಕೆ ಅವರು ಬಳಸುವ ಪದದ ಮೊದಲ ಭಾಗವೂ ಇದೇ ಮೂಲದ್ದು. ಸ್ವತಂತ್ರ ಭಾರತದ ಮೊದಲ ಅರ್ಥಮಂತ್ರಿ ಆರ್. ಕೆ. ಷಣ್ಮುಖಂ ಚೆಟ್ಟಿ ಎಂಬುದನ್ನು ಇದರ ಜೊತೆಗೆ ನೆನೆಯಬಹುದು.

ಹೆಸರು ಹರಡಿದಷ್ಟೂ ಅದರೊಳಗಿನ ಗುರುತುಗಳು ತೆಳುವಾಗುತ್ತಿವೆ. ಮುಂಬಯಿಯ ಮೂರನೆಯ ತಲೆಮಾರಿನ ಹುಡುಗ ಹುಡುಗಿಯರಲ್ಲಿ ಬರಿ ಯಾವುದೆಂದು ಕೇಳಿದರೆ ತಾಯಿಗೆ ಫೋನು ಮಾಡಿ ಕೇಳಬೇಕಾಗುತ್ತದೆ, ತಾಯಿ ಅಜ್ಜಿಗೆ. ಗುತ್ತಿನ ಹೆಸರು ವರ್ಷಕ್ಕೊಮ್ಮೆ ನೇಮ, ತಂಬಿಲ ಎಂಬ ದೈವಾರಾಧನೆಗಳಿಗೆ ಊರಿಗೆ ಹೋದಾಗ ಕಿವಿಗೆ ಬೀಳುತ್ತದೆ. ದೈವದ ಮುಂದೆ ನಿಂತು ಕುಟುಂಬದ ಹೆಸರು ಹೇಳುವಾಗ ಶೆಟ್ಟಿ ಎಂದರೆ ಸಾಲದು, ಮನೆಯ ಹೆಸರೇ ಬೇಕು. ಮುಲುಂಡಿನಿಂದ ಠಾಣೆಗೆ ಹೋಗಿ ರೈಲು ಹತ್ತುವ ಕುಟುಂಬಗಳಿಗೆ ಈ ಯಾತ್ರೆ ಇನ್ನೂ ತಪ್ಪಿಲ್ಲ ಎಂಬುದು ಸಮಾಧಾನದ ಸಂಗತಿ.

ಈಚೆಗೆ ಒಂದು ಬದಲಾವಣೆಯಾಗಿದೆ. 2024ರ ಮೇ 1 ಮತ್ತು ಅದರ ನಂತರ ಹುಟ್ಟಿದ ಮಕ್ಕಳ ಸರ್ಕಾರಿ ದಾಖಲೆಗಳಲ್ಲಿ ಮಗುವಿನ ಹೆಸರು, ತಾಯಿಯ ಹೆಸರು, ತಂದೆಯ ಹೆಸರು, ಅಡ್ಡಹೆಸರು ಈ ಕ್ರಮದಲ್ಲಿ ಬರೆಯಬೇಕೆಂದು ಮಹಾರಾಷ್ಟ್ರ ಸರ್ಕಾರ ನಿಗದಿ ಮಾಡಿದೆ. ತಾಯಿಯಿಂದ ಕುಲವೆಣಿಸುವ ತುಳು-ಕನ್ನಡ ಕುಟುಂಬಗಳ ಮಟ್ಟಿಗೆ ಇದು ಸ್ವಾಗತಾರ್ಹ, ಆದರೆ ಅರ್ಧ ಮಾತ್ರ. ತಾಯಿಯ ಹೆಸರಿಗೆ ಖಾನೆ ಸಿಕ್ಕಿತು, ತಾಯಿಯ ಬರಿಗೆ ಸರ್ಕಾರದ ಯಾವ ಅರ್ಜಿಯಲ್ಲೂ ಖಾನೆಯಿಲ್ಲ, ಇರಬೇಕಾಗಿಯೂ ಇಲ್ಲ. ಆ ಕೆಲಸ ಮನೆಯವರದು. ಮುಲುಂಡಿನಲ್ಲಾಗಲಿ ಬೇರೆಲ್ಲಾಗಲಿ ಇರುವ ಶೆಟ್ಟಿ, ರೈ, ಹೆಗ್ಡೆ, ಕೋಟ್ಯಾನ್, ಸಾಲಿಯಾನ್ ಕುಟುಂಬಗಳ ಕೇಳುಗರು ಮನೆಯಲ್ಲಿ ಹಿರಿಯರು ಇರುವಾಗಲೇ ತಾಯಿಯ ಬರಿ, ಮೂಲಮನೆಯ ಹೆಸರು, ಆ ಮನೆಯ ದೈವ, ಶೆಡ್ತಿ ಎಂದು ಹೆಸರಿನ ಜೊತೆ ಬರೆಸಿಕೊಂಡಿದ್ದ ಅಜ್ಜಿ, ಮುತ್ತಜ್ಜಿಯರ ಹೆಸರು, ಇಷ್ಟನ್ನು ಕನ್ನಡದಲ್ಲಿ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬೇಕು.